ಹಲಗೆಯ ಮೇಲೆ ಹಾಕಿದ ಟೈಲ್ಸು ಏಕೆ ನಿಲ್ಲಲಿಲ್ಲ?

(ರೈತರ ಕೂಟವೊಂದರಲ್ಲಿ ಮಾಡಿದ ಭಾಷಣ)



ತೆಂಗಿನ ರೋಗದ ವಿಷಯ, ಗೊಬ್ಬರದ ವಿಷಯ ನೀವು ಬೇಕಾದಷ್ಟು ಕೇಳಿದ್ದೀರಿ. ಇಂದು ನಾನು ಹೇಳಹೊರಟಿರುವುದು ಮನೆಯ ನೆಲದ ವಿಷಯ. ಇದು ನಾನು ಕೆಟ್ಟು ಕಲಿತದ್ದು. ನಾನು ಕಳೆದುಕೊಂಡ ಹಣವನ್ನು ನೀವೂ ಕಳೆದುಕೊಳ್ಳಬಾರದೆಂದೇ ಈ ನಾಲ್ಕು ಮಾತು.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯವರಿಗೆ ಅಟ್ಟವೆಂದರೆ ಕಣಜವಿದ್ದಂತೆ. ತೊಲೆ, ತೊಲೆಯ ಮೇಲೆ ಜಂತೆ, ಜಂತೆಯ ಮೇಲೆ ಹಲಗೆ. ಇದು ಹಿರಿಯರು ಕಟ್ಟಿದ ಕ್ರಮ. ನಮ್ಮ ಮನೆಯ ಅಟ್ಟದ ಒಂದು ಭಾಗವನ್ನು ತಂದೆಯವರ ಕಾಲದಲ್ಲಿಯೇ ಕೋಣೆ ಮಾಡಿದ್ದರು. ಮಗಳ ಮದುವೆ ಗೊತ್ತಾದಾಗ, ಬರುವ ಬೀಗರಿಗೆ ಚೆನ್ನಾಗಿ ಕಾಣಲೆಂದು, ದೀಪಾವಳಿ ಕಳೆದೊಡನೆ ಆ ಹಲಗೆಯ ಮೇಲೆಯೇ ಒಂದೂವರೆ ಅಂಗುಲ ಗಾರೆ ಹರವಿ ಟೈಲ್ಸು ಹಾಕಿಸಿದೆ. ಮೇಸ್ತ್ರಿ ಒಮ್ಮೆ ಅನುಮಾನಿಸಿದ. ಅವಸರ ಮಾಡಿದವನು ನಾನೇ. ಯುಗಾದಿಯ ಹೊತ್ತಿಗೆ ಬಿಲ್ಲೆಗಳು ಕಾಲಿಟ್ಟಲ್ಲೆಲ್ಲ ಗುಡುಗುಡು ಎನ್ನತೊಡಗಿದವು. ಅಟ್ಟದ ಕಾಯಿ ಗುಡುಗುಡು ಎಂದರೆ ಕೊಬ್ಬರಿಯಾಯಿತೆಂದು ಸಂತೋಷ. ನೆಲ ಹಾಗೆಂದರೆ ಆ ವರ್ಷದ ಕೊಬ್ಬರಿಯ ಹಣ ಹೋಯಿತೆಂದೇ ಅರ್ಥ!

ಏಕೆ ಹೀಗಾಯಿತು? ಮೊದಲನೆಯದಾಗಿ, ಮರಕ್ಕೆ ಉಸಿರಾಟವುಂಟು. ತೇವ ಕುಡಿದರೆ ಹಲಗೆ ಅಗಲದಲ್ಲಿ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಉದ್ದದಲ್ಲಿ ಮಾತ್ರ ಬಹಳ ಕಡಿಮೆ. ಹಸಿ ಗಾರೆಯ ನೀರನ್ನು ಕುಡಿದು ಉಬ್ಬಿದ ಹಲಗೆ ಬೇಸಗೆಯಲ್ಲಿ ಕುಗ್ಗಿತು. ಗಟ್ಟಿಯಾದ ಗಾರೆ ಅದರ ಜೊತೆ ಕುಗ್ಗಲಾರದೆ ಬಿರಿಯಿತು. ಎರಡನೆಯದು, ಸಿಮೆಂಟು ಮರವನ್ನು ಭದ್ರವಾಗಿ ಹಿಡಿಯುವುದಿಲ್ಲ. ಮೂರನೆಯದು, ನಡೆದಾಗ ಜಂತೆ ಬಾಗುತ್ತದೆ. ಮರ ಬಾಗಬಲ್ಲದು, ಬಿಲ್ಲೆ ಬಾಗಲಾರದು. ನಾಲ್ಕನೆಯದೇ ಹೆಚ್ಚು ಅಪಾಯದ್ದು, ಭಾರ. ಹತ್ತಡಿ ಹನ್ನೆರಡಡಿಯ ಕೋಣೆಗೆ ಒಂದೂವರೆ ಅಂಗುಲ ಗಾರೆಯೂ ಬಿಲ್ಲೆಯೂ ಸೇರಿ ಸುಮಾರು 11 ಕ್ವಿಂಟಲ್ ಆಗುತ್ತದೆ. ಆ ಭಾರ ಹಗಲಿರುಳೂ ಹಳೆಯ ಜಂತೆಗಳ ಮೇಲೆ ಕುಳಿತಿರುತ್ತದೆ. ಅದರ ಕೆಳಗೆ ನಮ್ಮ ತಾಯಿ ಮಲಗುತ್ತಿದ್ದರು. ಇದನ್ನು ನಾನು ಲೆಕ್ಕ ಹಾಕಿದ್ದು ಎಲ್ಲ ಮುಗಿದ ಮೇಲೆ.

ನಿಮ್ಮ ಮನೆಯಲ್ಲಿಯೂ ಇಂಥ ನೆಲವಿದ್ದರೆ, ಕೀಳುವ ಮೊದಲು ರೋಗ ಯಾವುದೆಂದು ನೋಡಿರಿ. ಬೆರಳ ಗೆಣ್ಣಿನಿಂದ ಪ್ರತಿ ಬಿಲ್ಲೆಯನ್ನೂ ತಟ್ಟಿರಿ; ಟೊಳ್ಳು ಸದ್ದು ಬಂದ ಕಡೆ ಸೀಮೆಸುಣ್ಣದಿಂದ ಗುರುತು ಹಾಕಿರಿ. ಬಿರುಕು ನೇರ ಗೆರೆಯಾಗಿ ಹೋಗಿದ್ದರೆ ಅದರ ಕೆಳಗೆ ಹಲಗೆಯ ಸಂದಿಯಿರುವುದು ಹೆಚ್ಚು. ಕೋಣೆಯ ನಡುವೆಯೇ ಸಡಿಲವಾಗಿದ್ದರೆ ಜಂತೆ ಬಾಗುತ್ತಿದೆಯೆಂದು ತಿಳಿಯಿರಿ. ಬಿಲ್ಲೆಗಳು ಒಂದಕ್ಕೊಂದು ಒತ್ತಿ ಗುಡಾರದಂತೆ ಎದ್ದಿದ್ದರೆ ಗೋಡೆಯ ಅಂಚಿನಲ್ಲಿ ಸಂದು ಬಿಟ್ಟಿಲ್ಲ. ಬಿಲ್ಲೆಯ ಬೆನ್ನು ಶುಭ್ರವಾಗಿ ಕಿತ್ತು ಬಂದರೆ ಗಾರೆಯೇ ಅದನ್ನು ಹಿಡಿದಿಲ್ಲ. ನೀರು ಬೀಳುವ ಮೂಲೆಯಲ್ಲಿ ಹಲಗೆ ಕಪ್ಪಾಗಿ ಮೆತ್ತಗಾಗಿದ್ದರೆ ಅಲ್ಲಿ ಮರ ಕೊಳೆಯುತ್ತಿದೆ. ಬಳಿಕ ದೀಪ ಹಿಡಿದು ಕೆಳಗಿನಿಂದ ಜಂತೆಗಳನ್ನು ನೋಡಿರಿ. ಗೋಡೆಯೊಳಗೆ ಹೊಕ್ಕ ತುದಿಗಳನ್ನು ಉಳಿಯ ಮೊನೆಯಿಂದ ಚುಚ್ಚಿರಿ. ಸುಲಭವಾಗಿ ಇಳಿದರೆ ಕೊಳೆತಿದೆ, ಇಲ್ಲವೆ ಗೆದ್ದಲು ತಿಂದಿದೆ. ಹಾಗಿದ್ದಲ್ಲಿ ಮೇಲೆ ಯಾರೂ ಓಡಾಡಕೂಡದು, ಕೆಳಗೂ ಮಲಗಕೂಡದು.

ಬಿದ್ದ ಬಿಲ್ಲೆಯನ್ನೇ ಮತ್ತೆ ಸಿಮೆಂಟು ಬಳಿದು ಕೂರಿಸುವುದು ವ್ಯರ್ಥ. ಕಾರಣ ಹಾಗೆಯೇ ಇದೆಯಲ್ಲ! ಟೈಲ್ಸೇ ಬೇಕೆಂದರೆ ಕ್ರಮ ಬೇರೆ. ಎಂಜಿನಿಯರಿಗೆ ತೋರಿಸಿ, ಬಡಗಿಯಿಂದ ಜಂತೆಗಳ ನಡುವೆ ಹೊಸ ಜಂತೆ ಕೊಡಿಸಿರಿ. ಜಂತೆಯ ಬಾಗು ಅದರ ಉದ್ದದ 360ನೆಯ ಒಂದು ಪಾಲನ್ನು ಮೀರಬಾರದು. ಹತ್ತಡಿಗೆ ಸುಮಾರು 8 ಮಿಲಿಮೀಟರ್. ಸಡಿಲ ಹಲಗೆಗಳನ್ನು ತಿರುಪು ಮೊಳೆಯಿಂದ ಬಿಗಿದು, ನೀರಿಗೆ ತಡೆಯುವ ಪ್ಲೈವುಡ್ ಹಾಸಿ, ಅದರ ಮೇಲೆ ಸಿಮೆಂಟ್ ಬೋರ್ಡನ್ನು ಅಂಟಿನ ಹಾಸಿಗೆಯಲ್ಲಿ ಕೂರಿಸಿ, ಎಂಟೆಂಟು ಅಂಗುಲಕ್ಕೆ ತಿರುಪು ಹಾಕಬೇಕು. ಬೋರ್ಡುಗಳ ನಡುವೆ 3 ಮಿಲಿಮೀಟರ್, ಗೋಡೆಯ ಬದಿಗೆ 6 ಮಿಲಿಮೀಟರ್ ಸಂದು ಬಿಡಬೇಕು. ಬೋರ್ಡಿನ ಸಂದಿಗೆ ಜಾಲರಿ ಪಟ್ಟಿ ಹಾಕಿ ಅಂಟು ತುಂಬಬೇಕು. ಗೋಡೆಯ ಬದಿಯ ಸಂದಿಗೆ ಗಾರೆ ತುಂಬಲೇಬಾರದು. ಬಿಲ್ಲೆ ಕೂರಿಸಲು ದಪ್ಪ ಗಾರೆಯಲ್ಲ, ಪಾಲಿಮರ್ ಸೇರಿದ ಟೈಲ್ಸ್ ಅಂಟು. ಬೋರ್ಡು ಬಿಲ್ಲೆಗೆ ಒಳ್ಳೆಯ ಮೈ ಕೊಡುತ್ತದೆಯೇ ಹೊರತು ಜಂತೆಗೆ ಬಲ ಕೊಡುವುದಿಲ್ಲ, ಇದನ್ನು ಮರೆಯಬಾರದು.

ಇನ್ನೊಂದು ಮಾತು. ಕೊಬ್ಬರಿಯ ಅಟ್ಟಕ್ಕೆ ಮಾತ್ರ ಟೈಲ್ಸಿನ ಯೋಚನೆಯೇ ಬೇಡ. ಸುಲಿಯದ ಕಾಯಿ ಎಂಟರಿಂದ ಹನ್ನೆರಡು ತಿಂಗಳು ಅಲ್ಲಿ ಕುಳಿತು ಒಳಗೇ ಒಣಗಬೇಕು. ಅದಕ್ಕೆ ಕೆಳಗಿನಿಂದ ಗಾಳಿಯಾಡಬೇಕು. ಹಿರಿಯರು ಸಂದು ಬಿಟ್ಟು ಹಾಸಿದ್ದು ಮರದ ಕೊರತೆಯಿಂದಲ್ಲ, ತಿಳಿವಳಿಕೆಯಿಂದ.

ನಾನೇನು ಮಾಡಿದೆನೆಂದು ಕೇಳುವಿರಿ. ಎಲ್ಲವನ್ನೂ ಕೀಳಿಸಿದೆ. ಎರಡು ಜಂತೆಯ ತುದಿ ಕೊಳೆತಿತ್ತು, ಬದಲಾಯಿಸಿದೆ. ಈಗ ಅಲ್ಲಿ ಎಣ್ಣೆ ಬಳಿದ ಬರಿಯ ಹಲಗೆಯಿದೆ. ಮಗಳು ತವರಿಗೆ ಬಂದಾಗ ಅದರ ಮೇಲೆಯೇ ಚಾಪೆ ಹಾಸಿ ಮಗುವನ್ನು ಮಲಗಿಸುತ್ತಾಳೆ. ಕೆಳಗೆ ತಾಯಿಯವರು ನಿಶ್ಚಿಂತೆಯಿಂದ ನಿದ್ರಿಸುತ್ತಾರೆ. ಇದಕ್ಕಿಂತ ಹೊಳಪಿನ ನೆಲ ನನಗೆ ಬೇಕಿಲ್ಲ.