ಬೀಳುವದು ಸ್ವಭಾವವಲ್ಲ



ಬುದ್ಧಿಯ ಬೆಳವಣಿಗೆ ಕುಂಠಿತವಾಗಿ, ವಯಸ್ಸಿನಿಂದ ಮಾತ್ರ ಪ್ರೌಢರಾದವರು ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆಯ ಎಷ್ಟೋ ಮನೆಗಳಲ್ಲಿರುವರು. ಅಂಥವನು ಮೇಲಿಂದ ಮೇಲೆ ಬಿದ್ದರೆ "ಅವನ ಸ್ವಭಾವವೇ ಹಾಗೆ" ಎಂದು ಮನೆಯವರು ಸುಮ್ಮನಾಗುವರು. ಇದು ದೊಡ್ಡ ತಪ್ಪು. ಬೀಳುವದಕ್ಕೆ ಕಾರಣವುಂಟು, ಅದನ್ನು ಹುಡುಕತಕ್ಕದ್ದು.

ಕಣ್ಣು, ಒಳಕಿವಿ, ಅಂಗಾಲು ಹಾಗೂ ಕೀಲುಗಳು ತಂದ ಸುದ್ದಿಯನ್ನು ಮಿದುಳು ಕೂಡಿಸಿದಾಗಲೇ ದೇಹವು ನೆಟ್ಟಗೆ ನಿಲ್ಲುವದು. ಇತರರಲ್ಲಿ ಮುಪ್ಪಿನಲ್ಲಿ ತೋರುವ ಬೀಳುವಿಕೆ ಇವರಲ್ಲಿ ನಡುವಯಸ್ಸಿನಲ್ಲಿಯೇ ತೋರುವದು. ಡೌನ್ ಸಿಂಡ್ರೋಮ್ ಉಳ್ಳವರ ಕೀಲುಗಳ ಕಟ್ಟು ಸಡಿಲು. ಕಣ್ಣಿಗೆ ಪೊರೆಯೂ ಬೇಗ ಬರುವದು. ಆದರೆ "ನನಗೆ ಕಣ್ಣು ಮಬ್ಬಾಗಿದೆ" ಎಂದು ಆತನು ಹೇಳಲಾರನು, ಬೀಳುವನು ಅಷ್ಟೆ. ಬಿದ್ದುದೇ ಅವನ ಮಾತು ಎಂದು ತಿಳಿಯಬೇಕು.

ಇವರಲ್ಲಿ ಅನೇಕರಿಗೆ ಮೂರ್ಛೆರೋಗವೂ ಇರುವದು. ಅದಕ್ಕೆ ಕೊಡುವ ಫಿನೈಟೋಯಿನ್ ಎಂಬ ಔಷಧವು ರಕ್ತದಲ್ಲಿ ಹೆಚ್ಚಾದರೆ ಮನುಷ್ಯನು ಕುಡಿದವನಂತೆ ತೂರಾಡುವನು; ಬಹುವರ್ಷ ಸೇವಿಸಿದರೆ ಎಲುಬು ಸವೆಯುವದೂ ಉಂಟು. ಹಾಗೆಂದು ಗುಳಿಗೆಯನ್ನು ತಾವಾಗಿಯೇ ನಿಲ್ಲಿಸಬಾರದು, ಮೂರ್ಛೆಯು ಉಲ್ಬಣಿಸುವದು. ವೈದ್ಯರಿಗೆ ತಿಳಿಸಿ ಪ್ರಮಾಣವನ್ನು ಸರಿಪಡಿಸಿಕೊಳ್ಳಬೇಕು.

ನಾಡಿನ ನೆಲವೂ ವಿಚಾರಕ್ಕೆ ಬರತಕ್ಕದ್ದು. ಮಳೆಗಾಲದಲ್ಲಿ ಎರೆಮಣ್ಣು ಚಪ್ಪಲಿಗೆ ಮೆತ್ತಿ ಹೆಜ್ಜೆ ಭಾರವಾಗುವದು. ಕಿತ್ತೂರಿನ ಕಡೆಗೆ ಅಂಗಳದ ಕಲ್ಲು ಪಾಚಿಗಟ್ಟುವದು. ಎತ್ತರದ ಹೊಸ್ತಿಲು, ಕತ್ತಲೆಯ ಬಚ್ಚಲು, ಹಿಮ್ಮಡಿಪಟ್ಟಿಯಿಲ್ಲದ ಚಪ್ಪಲಿ ಇವೂ ಕಾರಣಗಳೇ. ಸವದತ್ತಿಯ ಯಲ್ಲಮ್ಮನ ಗುಡ್ಡದಲ್ಲಿ ಮೆಟ್ಟಿಲು ಏರುವದಕ್ಕಿಂತ ಇಳಿಯುವದೇ ಕಠಿಣ, ಮಬ್ಬುಗಣ್ಣಿಗೆ ಮೆಟ್ಟಿಲಂಚು ಕಾಣದು.

ಬಿದ್ದಾನೆಂದು ಹೆದರಿ ಆತನನ್ನು ಮೂಲೆಯಲ್ಲಿ ಕುಳ್ಳಿರಿಸುವದು ಪ್ರೀತಿಯಾದರೂ ಅಪಾಯವೇ. ಕುಳಿತ ಕಾಲು ಸೊರಗುವದು, ಸೊರಗಿದ ಕಾಲು ಮತ್ತೆ ಬೀಳಿಸುವದು. ಎಪ್ಪತ್ತರ ತಾಯಿ ಐವತ್ತರ ಮಗನನ್ನು ಎತ್ತಬಲ್ಲಳೇ? ದಿನವೂ ಕಟ್ಟೆಯ ಮೇಲಿಂದ ಕೈಯೂರದೆ ಏಳುವದು, ಬಾಗಿಲ ಚೌಕಟ್ಟು ಹಿಡಿದು ಒಂಟಿಗಾಲಿನಲ್ಲಿ ನಿಲ್ಲುವದು, ಹೊಲದ ತನಕ ನಡೆಯುವದು ಇವುಗಳನ್ನು ರೂಢಿ ಮಾಡಿಸಬೇಕು.

ಬಿದ್ದ ಸ್ಥಳ, ವೇಳೆ, ಕಾಲಲ್ಲಿದ್ದ ಚಪ್ಪಲಿ, ಗುಳಿಗೆ ಕೊಟ್ಟ ಹೊತ್ತು ಇವನ್ನು ಒಂದು ತಿಂಗಳು ಬರೆದಿಟ್ಟು ತಾಲೂಕು ಆಸ್ಪತ್ರೆಗೆ ಒಯ್ಯಬೇಕು. 2016ರ ವಿಕಲಚೇತನರ ಹಕ್ಕುಗಳ ಕಾಯದೆಯಲ್ಲಿ ಬೌದ್ಧಿಕ ವೈಕಲ್ಯವೂ ಸೇರಿರುವದು. ಗ್ರಾಮ ಪಂಚಾಯತಿಯ ಪುನರ್ವಸತಿ ಕಾರ್ಯಕರ್ತರನ್ನು ಕೇಳಲು ಸಂಕೋಚ ಬೇಡ. ಜೊತೆಗೆ ನಡೆಯುವವರು ಕೈಹಿಡಿದು ಮುಂದಕ್ಕೆ ಎಳೆಯದೆ, ಆತನ ಬಲಹೀನ ಮಗ್ಗುಲಲ್ಲಿ ಅರ್ಧ ಹೆಜ್ಜೆ ಹಿಂದೆ ನಡೆಯತಕ್ಕದ್ದು.