ನಿದ್ರೆಯ ರೋಗಗಳೂ ಅವುಗಳ ಚಿಕಿತ್ಸೆಯೂ

ನಿದ್ರೆಯನ್ನು ಕುರಿತು ಮಾತನಾಡುವವರಿಗೆ ಒಂದು ಅನುಕೂಲವುಂಟು. ಕೇಳುವವರು ನಡುವೆ ತೂಕಡಿಸಿದರೆ ಅದನ್ನು ಭಾಷಣದ ದೋಷವೆನ್ನದೆ ಭಾಷಣದ ಫಲವೆಂದೇ ಎಣಿಸಬಹುದು.

ನಾವು ವೈದ್ಯರಲ್ಲ; ಕಾಲೇಜಿನಲ್ಲಿ ಪಾಠ ಹೇಳತಕ್ಕವರು. ಆದರೂ ಈ ವಿಷಯವನ್ನು ಆರಿಸಿಕೊಂಡುದಕ್ಕೆ ಕಾರಣವಿದೆ. ಕೆಲವು ವರ್ಷಗಳ ಹಿಂದೆ ನಮಗೆ ಮೂರು ತಿಂಗಳ ಕಾಲ ಸರಿಯಾಗಿ ನಿದ್ರೆ ಬರಲಿಲ್ಲ. ವೈದ್ಯರು ಕೊಟ್ಟ ಮಾತ್ರೆಯಿಂದ ಕೆಲವು ದಿನ ಗುಣ ಕಂಡಿತು. ಅದೇ ಸಮಯದಲ್ಲಿ ನೆರೆಮನೆಯ ಮಿತ್ರರೊಬ್ಬರು ತಮಗೂ ನೆಮ್ಮದಿಯ ನಿದ್ರೆಯಿಲ್ಲವೆಂದೂ, ಹಗಲೆಲ್ಲ ಮಂಪರು ಕವಿದಿರುವುದೆಂದೂ ಹೇಳಿಕೊಂಡರು. ನಾವು ಉಪಕಾರಬುದ್ಧಿಯಿಂದ ನಮ್ಮ ಮಾತ್ರೆಗಳಲ್ಲಿ ಎರಡನ್ನು ಅವರಿಗೆ ಕೊಟ್ಟೆವು. ಆ ರಾತ್ರಿ ಅವರು ಮೈಮರೆತು ಮಲಗಿದರು. ಅವರ ಪತ್ನಿಗೆ ಮಾತ್ರ ಕಣ್ಣು ಮುಚ್ಚಲಾಗಲಿಲ್ಲ. ಗೊರಕೆ ಏರುತ್ತಾ ಏರುತ್ತಾ ತಟಕ್ಕನೆ ನಿಲ್ಲುವುದು. ಉಸಿರೇ ಇಲ್ಲದೆ ಹಲವು ಕ್ಷಣ ಕಳೆಯುವುದು. ಬಳಿಕ ನೀರಿನಲ್ಲಿ ಮುಳುಗಿದವನು ಮೇಲೆದ್ದಂತೆ ಒಂದು ಏದುಸಿರು. ಬೆಳಗಾಗುವವರೆಗೆ ಇದೇ ನಡೆಯಿತಂತೆ. ಉಳಿದ ಮಾತ್ರೆಯನ್ನು ಆಕೆ ತಂದು ಹಿಂದಿರುಗಿಸಿದರು. ಆಕ್ಷೇಪಣೆಯ ಒಂದು ಮಾತನ್ನೂ ಆಡಲಿಲ್ಲ. ಆಡಿದ್ದರೆ ನಮಗೆ ಅಷ್ಟು ನಾಚಿಕೆಯಾಗುತ್ತಿರಲಿಲ್ಲ.

ನಮ್ಮಿಬ್ಬರ ದೂರು ಒಂದೇ. ರೋಗ ಬೇರೆ ಬೇರೆ. ಜ್ವರವೆಂಬುದು ಹೇಗೋ ಹಾಗೆ, ನಿದ್ರೆಯಿಲ್ಲವೆಂಬುದೂ ಒಂದು ಲಕ್ಷಣ. ಅದರ ಮೂಲವನ್ನು ತಿಳಿಯದೆ ಕೊಡುವ ಮದ್ದು ಕತ್ತಲೆಯಲ್ಲಿ ಎಸೆದ ಕಲ್ಲಿನಂತೆ.

ಮಿತ್ರರ ರೋಗಕ್ಕೆ ಸ್ಲೀಪ್ ಆಪ್ನಿಯಾ ಎಂದು ಹೆಸರು. ನಿದ್ರೆಯಲ್ಲಿ ಉಸಿರು ಕಟ್ಟುವ ರೋಗ. ನಿದ್ರೆ ಹತ್ತಿದೊಡನೆ ಗಂಟಲಿನ ಸ್ನಾಯುಗಳು ಸಡಿಲಗೊಂಡು ಗಾಳಿಯ ದಾರಿ ಮುಚ್ಚಿಹೋಗುವುದು. ರಕ್ತದಲ್ಲಿ ಆಮ್ಲಜನಕ ಇಳಿಯುವುದು. ಮೆದುಳು ಬೆದರಿ ಅರೆ ಎಚ್ಚರಗೊಂಡು ದಾರಿಯನ್ನು ತೆರೆಯುವುದು. ರೋಗ ಬಲಿತವರಲ್ಲಿ ಇದು ಒಂದೇ ರಾತ್ರಿಯಲ್ಲಿ ನೂರಾರು ಬಾರಿ ನಡೆದರೂ ಬೆಳಿಗ್ಗೆ ರೋಗಿಗೆ ನೆನಪಿರುವುದಿಲ್ಲ. ಇಂಥವರಲ್ಲಿ ರಕ್ತದ ಒತ್ತಡ ಏರುವುದುಂಟು. ವಾಹನ ನಡೆಸುವಾಗಲೇ ಕಣ್ಣು ಮುಚ್ಚಿ ಅಪಘಾತವಾಗುವುದೂ ಉಂಟು. ನಿದ್ರೆಯ ಮಾತ್ರೆ ಕೆಲವರಲ್ಲಿ ಕಾಪಾಡುವ ಆ ಎಚ್ಚರವನ್ನೇ ತಡಮಾಡುವುದು. ಮದ್ಯವೂ ಹಾಗೆಯೇ. ಕುಂಭಕರ್ಣನ ಗೊರಕೆಯ ಕಥೆ ಕೇಳಿ ನಗುವ ನಾವು ಮನೆಯ ಗೊರಕೆಯನ್ನೂ ನಗೆಯಲ್ಲಿ ಕಳೆಯುವುದರಿಂದಲೇ ಈ ರೋಗ ಬಹುಕಾಲ ಅಡಗಿರುತ್ತದೆ.

ಇದಕ್ಕೆ ತಕ್ಕ ಚಿಕಿತ್ಸೆಯನ್ನು 1981ರಲ್ಲಿ ಆಸ್ಟ್ರೇಲಿಯಾದ ಸಿಡ್ನಿ ನಗರದ ಡಾಕ್ಟರ್ ಕಾಲಿನ್ ಸಲಿವನ್ ಅವರು ಪ್ರಕಟಿಸಿದರು. ಸಣ್ಣ ಯಂತ್ರವೊಂದು ಮೂಗಿನ ಮುಸುಕಿನ ಮೂಲಕ ಮೆಲ್ಲಗೆ ಗಾಳಿಯನ್ನು ಒತ್ತಿ, ಗಂಟಲಿನ ದಾರಿ ಕುಸಿಯದಂತೆ ಎತ್ತಿ ಹಿಡಿಯುವುದು. ಸ್ಥೂಲಕಾಯರು ತೂಕ ಇಳಿಸುವುದು, ಮಗ್ಗುಲಾಗಿ ಮಲಗುವುದು, ದವಡೆಯನ್ನು ಮುಂದಕ್ಕೆ ಹಿಡಿಯುವ ಸಾಧನವನ್ನು ಬಾಯಲ್ಲಿ ಧರಿಸುವುದು ಇವೂ ಕೆಲವರಿಗೆ ನೆರವಾಗುವುವು.

ಬೇರೆ ಮೂಲಗಳೂ ಉಂಟು. ಮಲಗಿದೊಡನೆ ಕಾಲುಗಳಲ್ಲಿ ತಡೆಯಲಾರದ ಚಡಪಡಿಕೆ ಹುಟ್ಟುವವರಲ್ಲಿ ಹಲವರಿಗೆ ಕಬ್ಬಿಣದ ಅಂಶ ಕಡಮೆಯಾಗಿರುತ್ತದೆ. ರಕ್ತವನ್ನು ಪರೀಕ್ಷಿಸಿ ಅದನ್ನು ತುಂಬಿಕೊಟ್ಟರೆ ಅನೇಕರಿಗೆ ಹಿತವಾಗುವುದು. ದೇಹದೊಳಗಿನ ಗಡಿಯಾರವೇ ತಪ್ಪಿದವರಿಗೆ, ಹೊತ್ತು ನೋಡಿ ಕೊಟ್ಟ ಬೆಳಕೂ ಮೆಲಟೋನಿನ್ ಎಂಬ ಔಷಧವೂ ಸಹಾಯಕವಾಗುವುವು.

ಇನ್ನು ನಮ್ಮಂಥವರ ವಿಷಯ. ಬೇರೆ ಕಾರಣವಿಲ್ಲದೆಯೂ ನೆಲೆಯೂರಿದ ನಿದ್ರಾಹೀನತೆಗೆ ಮದ್ದು ಹುಡುಕಿದ ಚರಿತ್ರೆ ಎಚ್ಚರಿಕೆಯ ಪಾಠವಾಗಿದೆ. 1869ರಲ್ಲಿ ಜರ್ಮನಿಯ ಲೀಬ್ರೈಖರು ಕ್ಲೋರಲ್ ಹೈಡ್ರೇಟನ್ನು ಬಳಕೆಗೆ ತಂದರು. 1903ರಲ್ಲಿ ಬಾರ್ಬಿಟಾಲ್ ಬಂದಿತು. ಆ ವಂಶದ ಔಷಧಗಳಲ್ಲಿ ನಿದ್ರೆ ತರುವ ಪ್ರಮಾಣಕ್ಕೂ ಪ್ರಾಣ ತೆಗೆಯುವ ಪ್ರಮಾಣಕ್ಕೂ ಅಂತರ ಸಣ್ಣದು. 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ನಿರಪಾಯಕರವೆಂದು ಮಾರಿದ ಥಾಲಿಡೊಮೈಡ್, ಗರ್ಭಿಣಿಯರು ಸೇವಿಸಿದುದರ ಫಲವಾಗಿ, ಸಾವಿರಾರು ಶಿಶುಗಳ ಅಂಗಾಂಗಗಳನ್ನು ಕೆಡಿಸಿತು. 1960ರಿಂದ ಈಚೆಗೆ ಬಂದ ಬೆಂಜೊಡಯಜಪೀನ್ ಎಂಬ ಗುಂಪಿನವು ಹಿಂದಿನವುಗಳಿಗಿಂತ ಎಷ್ಟೋ ಮೇಲು. ಆದರೆ ದೇಹ ಅವುಗಳಿಗೆ ಒಗ್ಗಿ ಬಿಡಲಾರದಾಗುವುದು, ವೃದ್ಧರು ತಡವರಿಸಿ ಬೀಳುವುದು ತಪ್ಪಲಿಲ್ಲ. 2014ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಸುವೊರೆಕ್ಸಾಂಟ್ ಬೇರೊಂದು ದಾರಿ ಹಿಡಿಯಿತು. ಅದು ಮೆದುಳನ್ನು ಎಚ್ಚರವಾಗಿಡುವ ಒರೆಕ್ಸಿನ್ ಎಂಬ ದ್ರವ್ಯದ ಕೆಲಸವನ್ನು ತಡೆಯುವುದು. ಔಷಧಕ್ಕೆ ತನ್ನ ಸ್ಥಾನ ಇದ್ದೇ ಇದೆ. ಆದರೆ ಅದು ಮೊದಲನೆಯ ಸ್ಥಾನವಲ್ಲ.

ದೀರ್ಘಕಾಲದ ನಿದ್ರಾಹೀನತೆಗೆ ಮೊದಲು ಮಾಡತಕ್ಕ ಚಿಕಿತ್ಸೆ ನಡೆವಳಿಕೆಯನ್ನೂ ಯೋಚನೆಯನ್ನೂ ತಿದ್ದುವುದೆಂದು ಅಮೆರಿಕನ್ ಕಾಲೇಜ್ ಆಫ್ ಫಿಜಿಷಿಯನ್ಸ್ ಸಂಸ್ಥೆ 2016ರಲ್ಲಿ ಸಾರಿತು. ನಮಗೂ ಕೊನೆಗೆ ಒದಗಿದುದು ಅದೇ. ವೈದ್ಯರು ಮೊದಲು ಎರಡು ವಾರ ನಿದ್ರೆಯ ಲೆಕ್ಕ ಬರೆಯಿಸಿದರು. ಎಂಟು ಗಂಟೆ ಹಾಸಿಗೆಯಲ್ಲಿದ್ದು ಐದೂವರೆ ಗಂಟೆ ಮಾತ್ರ ನಿದ್ರಿಸುತ್ತಿದ್ದೆವು. “ಹಾಗಾದರೆ ಆರೇ ಗಂಟೆ ಮಲಗಿರಿ, ಏಳುವ ಹೊತ್ತು ಮಾತ್ರ ಎಂದಿಗೂ ತಪ್ಪಬಾರದು, ನಿದ್ರೆ ಬಾರದಿದ್ದರೆ ಎದ್ದು ಹೋಗಿರಿ, ಕಣ್ಣು ಎಳೆದಾಗ ಬನ್ನಿರಿ,” ಎಂದರು. ಹಾಸಿಗೆಯೆಂದರೆ ಚಿಂತೆಯ ಜಾಗವೆಂದು ಕಲಿತ ಮನಸ್ಸಿಗೆ ಅದು ನಿದ್ರೆಯ ಜಾಗವೆಂದು ಮರಳಿ ಕಲಿಸುವುದು ಇದರ ಗುಟ್ಟು. ಮೊದಲ ವಾರ ತರಗತಿಯಲ್ಲಿ ನಿಂತಿರುವುದೇ ಕಷ್ಟವಾಯಿತು. ಆರನೆಯ ವಾರಕ್ಕೆ ನಿದ್ರೆ ತಾನಾಗಿ ಬಂದಿತು. ಮಲಗುವ ಅವಧಿಯನ್ನು ಮೆಲ್ಲಮೆಲ್ಲನೆ ಹೆಚ್ಚಿಸಿದರು. ಮೂರ್ಛೆರೋಗವುಳ್ಳವರೂ ವಾಹನ ನಡೆಸುವವರೂ ವೈದ್ಯರನ್ನು ಕೇಳದೆ ಇದನ್ನು ಕೈಕೊಳ್ಳಬಾರದು. ಮಾತ್ರೆಗೆ ಒಗ್ಗಿದವರು ಅದನ್ನು ಒಮ್ಮೆಲೇ ಬಿಡಲೂ ಬಾರದು.

ಆದುದರಿಂದ, ಮಹನೀಯರೇ, ಮಹಿಳೆಯರೇ, ವೈದ್ಯರ ಬಳಿಗೆ ಹೋಗುವಾಗ ನಿಮ್ಮ ದೂರನ್ನು ಮಾತ್ರವಲ್ಲ, ನೀವು ಮಲಗಿರುವುದನ್ನು ಕಂಡವರನ್ನೂ ಕರೆದುಕೊಂಡು ಹೋಗಿರಿ. ನಮ್ಮ ರಾತ್ರಿಯ ಸಂಗತಿ ನಮಗಿಂತ ಅವರಿಗೆ ಹೆಚ್ಚು ಗೊತ್ತು. ನೆರೆಮನೆಯ ಮಿತ್ರರು ಈಗ ಪ್ರತಿರಾತ್ರಿ ಮುಸುಕು ಧರಿಸಿ ಮಲಗುತ್ತಾರೆ. ಯಂತ್ರದ ಸದ್ದು ತೊಂದರೆ ಕೊಡುವುದಿಲ್ಲವೇ ಎಂದು ಅವರ ಪತ್ನಿಯನ್ನು ಒಮ್ಮೆ ಕೇಳಿದೆವು. “ಅದು ನಿಲ್ಲದೆ ನಡೆಯುತ್ತದಲ್ಲ, ಅಷ್ಟು ಸಾಕು, ನಾನೂ ಮಲಗುತ್ತೇನೆ,” ಎಂದರು.