ಪೊಲೀಸರು ‘ಊದು’ ಎಂದಾಗ
(ಎಸ್ಟೇಟು ಕಾರ್ಮಿಕ ಕುಟುಂಬಗಳ ಸಂಜೆಯ ಸಭೆಯಲ್ಲಿ ಮಾಡಿದ ಭಾಷಣ)



ಈ ಸಂಜೆ ನಾವು ಕುಡಿತದ ಮೇಲೆ ಉಪದೇಶ ಮಾಡಲು ನಿಂತಿಲ್ಲ. ಅದನ್ನು ನೀವು ಆದಿತ್ಯವಾರ ಬಿಡದೆ ಕೇಳುತ್ತಿದ್ದೀರಿ. ಕುಡಿದು ಗಾಡಿ ಓಡಿಸುತ್ತಿದ್ದಾನೆಂಬ ಅನುಮಾನದಿಂದ ಪೊಲೀಸರು ಒಬ್ಬನನ್ನು ನಿಲ್ಲಿಸಿದರೆ ಅವರು ಏನು ಮಾಡಬಹುದು, ಏನು ಮಾಡುವಂತಿಲ್ಲ, ನಮ್ಮವರು ಹೇಗೆ ನಡೆದುಕೊಳ್ಳಬೇಕು ಎಂಬುದೇ ಇಂದಿನ ಮಾತು.

ಈ ವಿಷಯ ಏಕೆ ಬೇಕಾಯಿತು? ನಮ್ಮ ಗಂಡುಮಕ್ಕಳಲ್ಲಿ ಅನೇಕರು ಇಂದು ತೋಟ ಬಿಟ್ಟು ಸ್ಟೀರಿಂಗ್ ಹಿಡಿದಿದ್ದಾರೆ. ಎಲೆ ಲಾರಿ, ಜೀಪು, ಆಟೋ, ಪ್ರವಾಸಿಗರ ಟ್ಯಾಕ್ಸಿ ಇವೇ ಅವರ ಅನ್ನ. ನಮ್ಮದು ಘಾಟಿ ರಸ್ತೆ. ಊಟಿಯಿಂದ ಕಲ್ಲಟ್ಟಿ ಇಳಿದು ಮಸಿನಗುಡಿಗೆ ಹೋಗುವ ಒಂದೇ ದಾರಿಯಲ್ಲಿ 36 ಹೇರ್‌ಪಿನ್ ತಿರುವುಗಳಿವೆ. ಲೈಸೆನ್ಸು ಹೋದರೆ ಡ್ರೈವರನ ಮನೆಯ ಒಲೆ ಆರುತ್ತದೆ. ಅವನ ಕೈ ತಪ್ಪಿದರೆ ಹಿಂದೆ ಕುಳಿತ ಹತ್ತು ಮನೆಗಳ ಒಲೆ ಆರುತ್ತದೆ. ಎರಡನ್ನೂ ನೆನಪಿನಲ್ಲಿಟ್ಟುಕೊಂಡು ಕೇಳಿ.

ಮೊದಲು ಕಾನೂನು. 1988ರ ಮೋಟಾರು ವಾಹನ ಕಾಯಿದೆಯ 185ನೆಯ ಕಲಮಿನ ಪ್ರಕಾರ, ಗಾಡಿ ಓಡಿಸುವವನ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಮದ್ಯಸಾರ ಕಂಡುಬಂದರೆ ಅದು ಅಪರಾಧ. ‘ನಾನು ಕುಡಿದರೂ ಸರಿಯಾಗಿಯೇ ಓಡಿಸುತ್ತೇನೆ’ ಎಂಬ ವಾದಕ್ಕೆ ಅಲ್ಲಿ ಜಾಗವಿಲ್ಲ; ಅಳತೆ ಮೀರಿದರೆ ಸಾಕು. ಗಾಂಜಾ ಮೊದಲಾದ ಅಮಲು ಪದಾರ್ಥ ಸೇವಿಸಿ ಗಾಡಿಯನ್ನು ಹತೋಟಿಯಲ್ಲಿಡಲಾಗದ ಸ್ಥಿತಿಯಲ್ಲಿದ್ದರೂ ಅದೇ ಕಲಂ. 2019ರ ತಿದ್ದುಪಡಿಯ ನಂತರ ಮೊದಲ ಸಲಕ್ಕೆ ಆರು ತಿಂಗಳವರೆಗೆ ಸೆರೆ ಅಥವಾ 10,000 ರೂಪಾಯಿ ದಂಡ ಅಥವಾ ಎರಡೂ. ಮತ್ತೆ ಸಿಕ್ಕಿಬಿದ್ದರೆ ಎರಡು ವರ್ಷದವರೆಗೆ ಸೆರೆ ಅಥವಾ 15,000 ರೂಪಾಯಿ ಅಥವಾ ಎರಡೂ.

ಇನ್ನು ರಸ್ತೆಯಲ್ಲಿ ನಡೆಯುವ ಕ್ರಮ. ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿ, ಅನುಮಾನಕ್ಕೆ ತಕ್ಕ ಕಾರಣವಿದ್ದರೆ, ಗಾಡಿ ಓಡಿಸುತ್ತಿರುವವನಿಗೆ ಅಲ್ಲೇ ಅಥವಾ ಹತ್ತಿರದಲ್ಲೇ ಯಂತ್ರಕ್ಕೆ ಊದಲು ಹೇಳಬಹುದು. ಇದು 203ನೆಯ ಕಲಂ. ಹೊಟ್ಟೆಗೆ ಹೋದ ಮದ್ಯ ರಕ್ತಕ್ಕೆ ಸೇರಿ, ರಕ್ತದಿಂದ ಶ್ವಾಸಕೋಶಕ್ಕೆ ಬಂದು, ಉಸಿರಿನಲ್ಲಿ ಹೊರಬೀಳುತ್ತದೆ. ಯಂತ್ರ ಅಳೆಯುವುದು ಅದನ್ನೇ. ಆದ್ದರಿಂದ ಏಲಕ್ಕಿ ಅಗಿದರೂ ವೀಳ್ಯ ಹಾಕಿದರೂ ವಾಸನೆ ಮುಚ್ಚಬಹುದೇ ಹೊರತು ಅಳತೆ ಇಳಿಯದು. ಆದರೆ ಆಗತಾನೇ ಅರಿಷ್ಟವನ್ನೋ ಮದ್ಯಸಾರವಿರುವ ಕೆಮ್ಮಿನ ಔಷಧಿಯನ್ನೋ ಕುಡಿದಿದ್ದರೆ ಬಾಯಲ್ಲಿ ಉಳಿದ ಅಂಶದಿಂದ ಯಂತ್ರ ಹೆಚ್ಚು ತೋರಿಸೀತು. ಅಂಥವರು ಊದುವ ಮೊದಲೇ ಅದನ್ನು ಹೇಳಿ, ಕಾಲು ಗಂಟೆ ಬಿಟ್ಟು ಇನ್ನೊಮ್ಮೆ ಊದಿಸಿರೆಂದು ಮರ್ಯಾದೆಯಿಂದ ಕೇಳಲಿ. ಯಂತ್ರ ಚೀಟಿ ಕೊಡುವಂಥದಾದರೆ ಅದರ ಒಂದು ಪ್ರತಿಯನ್ನೂ ಕೇಳಿಕೊಳ್ಳಲಿ.

ಊದುವುದಿಲ್ಲ ಎಂದು ಹಟ ಹಿಡಿದರೆ? ಅನುಮಾನಕ್ಕೆ ಕಾರಣವಿದ್ದಲ್ಲಿ ಅಷ್ಟಕ್ಕೇ ವಾರಂಟಿಲ್ಲದೆ ಬಂಧಿಸಬಹುದು. ಸಕಾರಣವಿಲ್ಲದೆ ನಿರಾಕರಿಸಿದರೆ ಆ ನಿರಾಕರಣೆಯೇ ನ್ಯಾಯಾಲಯದಲ್ಲಿ ಅವನ ವಿರುದ್ಧ ನಿಲ್ಲುತ್ತದೆ ಎಂದು 205ನೆಯ ಕಲಂ ಹೇಳುತ್ತದೆ. ಗಾಡಿ ಬಿಟ್ಟು ತೋಟದೊಳಗೆ ಓಡುವುದು, ಪೊಲೀಸರ ಮೇಲೆ ಕೈ ಮಾಡುವುದು ಇನ್ನೂ ಕೆಟ್ಟದ್ದು. ಸಣ್ಣ ಕೇಸು ದೊಡ್ಡದಾಗುವುದು ಹೀಗೆಯೇ.

ಬಂಧಿಸಿದ ಮೇಲೆ ಗಡಿಯಾರ ನೋಡಿ. ಬಂಧಿಸಿದ ಎರಡು ಗಂಟೆಯೊಳಗೆ ವೈದ್ಯಕೀಯ ತಪಾಸಣೆಗೆ ಒಳಪಡಿಸಬೇಕು; ಇಲ್ಲವಾದರೆ ಬಂಧನದಿಂದ ಬಿಡಬೇಕು. 202ನೆಯ ಕಲಂ ಹೀಗೆ ಹೇಳುತ್ತದೆ. ಬಿಡಬೇಕು ಎಂದರೆ ಕೇಸೇ ಮುಗಿಯಿತೆಂದಲ್ಲ, ಅದನ್ನು ತಪ್ಪು ತಿಳಿಯಬೇಡಿ. ಠಾಣೆಯಲ್ಲಿ ಮತ್ತೊಮ್ಮೆ ಊದುವ ಅವಕಾಶ ಕೊಡಬೇಕು. ರಕ್ತ ತೆಗೆಯಬೇಕಾದರೆ ನೋಂದಾಯಿತ ವೈದ್ಯರೇ ತೆಗೆಯಬೇಕು. ಬಂಧಿತಳು ಹೆಂಗಸಾಗಿದ್ದು ವೈದ್ಯರು ಗಂಡಸಾದರೆ ಇನ್ನೊಬ್ಬ ಹೆಂಗಸು ಜೊತೆಯಲ್ಲಿರಲೇಬೇಕು. ಅಪಘಾತದಲ್ಲಿ ಗಾಯಗೊಂಡು ಆಸ್ಪತ್ರೆ ಸೇರಿದವನಿಂದ ಉಸಿರಿನ ಮಾದರಿ ತೆಗೆಯುವ ಮೊದಲು ಚಿಕಿತ್ಸೆ ನೀಡುತ್ತಿರುವ ವೈದ್ಯರಿಗೆ ತಿಳಿಸಬೇಕು. ಅದರಿಂದ ರೋಗಿಗೆ ಹಾನಿಯೆಂದು ಅವರು ಬೇಡವೆಂದರೆ ತೆಗೆಯುವಂತಿಲ್ಲ.

ಈ ಪರೀಕ್ಷೆಗಳು ಡ್ರೈವರನಿಗೆ ಶತ್ರುವಲ್ಲ. ಬಾಯಿ ವಾಸನೆ ಬಂತು, ನಡಿಗೆ ತಪ್ಪಿತು, ಮಾತು ತೊದಲಿತು ಎಂಬಷ್ಟರಿಂದಲೇ, ರಕ್ತವನ್ನಾಗಲಿ ಮೂತ್ರವನ್ನಾಗಲಿ ಪರೀಕ್ಷಿಸದೆ, ಕುಡಿದಿದ್ದನೆಂದು ಸಾಬೀತಾಗದು ಎಂದು ಸುಪ್ರೀಂ ಕೋರ್ಟು 1971ರಲ್ಲೇ ಒಂದು ಅಪಘಾತದ ಕೇಸಿನಲ್ಲಿ ಹೇಳಿದೆ. ಕುಡಿಯದವನನ್ನು ಕಾಪಾಡುವುದೂ ಅದೇ ಯಂತ್ರ, ಅದೇ ರಕ್ತದ ಸೀಸೆ.

ಮನೆಯವರಿಗೆ ಒಂದೆರಡು ಮಾತು. ಬಂಧನದ ಕಾರಣವನ್ನು ಬಂಧಿತನಿಗೆ ಹೇಳಬೇಕು, ಅವನು ಹೆಸರಿಸಿದ ನೆಂಟನಿಗೋ ಸ್ನೇಹಿತನಿಗೋ ಸುದ್ದಿ ಮುಟ್ಟಿಸಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರು ಮಾಡಬೇಕು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಈ ನಿಯಮಗಳಿವೆ. 185ನೆಯ ಕಲಂ ಜಾಮೀನು ಸಿಗುವ ಅಪರಾಧ. ಆದ್ದರಿಂದ ಕಿವಿಯೋಲೆ ಅಡವಿಟ್ಟು ದಲ್ಲಾಳಿಯ ಹಿಂದೆ ಓಡಬೇಡಿ. ಖಾಲಿ ಕಾಗದಕ್ಕೆ ಸಹಿ ಹಾಕಬೇಡಿ. ರಸ್ತೆಯಲ್ಲೇ ದಂಡ ಕಟ್ಟಿ ಮುಗಿಸುವ ಅಪರಾಧಗಳ ಪಟ್ಟಿಯಲ್ಲಿ ಇದು ಇಲ್ಲ. ಇದರ ದಂಡ ನಿಗದಿಯಾಗುವುದು ನ್ಯಾಯಾಲಯದಲ್ಲಿ. ನಡುದಾರಿಯಲ್ಲಿ ‘ಇಷ್ಟು ಕೊಡು, ಬಿಡುತ್ತೇವೆ’ ಎಂದು ಯಾರಾದರೂ ಕೇಳಿದರೆ ಅದು ದಂಡವಲ್ಲ, ಲಂಚ. ಲೈಸೆನ್ಸನ್ನು ವಶಪಡಿಸಿಕೊಂಡರೆ ಅದಕ್ಕೆ ರಸೀತಿ ಪಡೆಯಿರಿ. ಆದರೆ ಆ ರಸೀತಿ ತೋರಿಸಿ ಗಾಡಿ ಓಡಿಸುವಂತಿಲ್ಲ. ವಕೀಲರಿಗೆ ಕೊಡಲು ಹಣವಿಲ್ಲದಿದ್ದರೆ ಕಾನೂನು ಸೇವಾ ಪ್ರಾಧಿಕಾರವಿದೆ. ಬಂಧನದಲ್ಲಿರುವವರಿಗೆ, ಕೈಗಾರಿಕಾ ಕಾರ್ಮಿಕರಿಗೆ, ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ 1987ರ ಕಾಯಿದೆಯಂತೆ ಉಚಿತ ವಕೀಲರು ಸಿಗುತ್ತಾರೆ. ಫೋನ್ ಸಂಖ್ಯೆ 15100. ಅಡುಗೆಮನೆಯ ಗೋಡೆಯ ಮೇಲೆ ಬರೆದಿಡಿ.

ನಮ್ಮವರು ಹೆಚ್ಚಾಗಿ ಎಡವುವುದು ಬಟವಾಡೆಯ ರಾತ್ರಿಯಲ್ಲಲ್ಲ, ಮರುದಿನ ಬೆಳಿಗ್ಗೆ. ಸಾಮಾನ್ಯ ಲೆಕ್ಕದಲ್ಲಿ ರಕ್ತದ ಮದ್ಯಸಾರ ಗಂಟೆಗೆ ಸುಮಾರು 15 ಮಿಲಿಗ್ರಾಂ ಇಳಿಯುತ್ತದೆ. ರಾತ್ರಿ 10 ಗಂಟೆಗೆ 180 ಇದ್ದವನಿಗೆ ಬೆಳಿಗ್ಗೆ 6ಕ್ಕೆ ಇನ್ನೂ 60 ಇರುತ್ತದೆ. ಅಂದರೆ ಕಾನೂನಿನ ಮಿತಿಯ ಎರಡರಷ್ಟು. ತಣ್ಣೀರು ಸ್ನಾನ, ಕಾಫಿ, ನಿಂಬೆಹಣ್ಣು ಯಾವುದೂ ಅದನ್ನು ಬೇಗ ಇಳಿಸದು. ಹೊತ್ತು ಕಳೆಯಬೇಕು, ಅಷ್ಟೇ. ಅಂಥ ಬೆಳಿಗ್ಗೆ ‘ಇವತ್ತು ನಾನು ಗಾಡಿ ತೆಗೆಯುವುದಿಲ್ಲ’ ಎನ್ನುವ ಧೈರ್ಯ ಡ್ರೈವರನಿಗೆ ಬೇಕು. ಸ್ಥಿತಿ ತಿಳಿದೂ ‘ಎಲೆ ಬಾಡುತ್ತದೆ, ತೆಗೆಯೋ’ ಎಂದು ದಬಾಯಿಸುವ ಮೇಲಿನವರಿಗೂ ಒಂದು ಮಾತು: ಈ ಅಪರಾಧಕ್ಕೆ ಕುಮ್ಮಕ್ಕು ಕೊಟ್ಟವನಿಗೂ ಅದೇ ಶಿಕ್ಷೆ ಎಂದು 188ನೆಯ ಕಲಂ ಹೇಳುತ್ತದೆ. ಒಂದು ದಿನದ ಸಂಬಳ ಹೋದರೆ ಹೋಗಲಿ; ಹಾಗೆ ನಿಂತ ಡ್ರೈವರನ ಪರವಾಗಿ ಸಂಘ ಆಫೀಸಿನಲ್ಲಿ ಮಾತಾಡುತ್ತದೆ.

ಕೊನೆಗೆ, ಸಂಘದೊಳಗೇ ಆಗಾಗ ಏಳುವ ಪ್ರಶ್ನೆ. ಕುಡಿದು ಓಡಿಸಿ ಸಿಕ್ಕಿಬಿದ್ದವನ ಪರ ನಾವು ನಿಲ್ಲಬೇಕೆ? ಅವನು ನಮ್ಮ ಸದಸ್ಯ. ಆದರೆ ಜೀಪಿನ ಹಿಂದೆ ಕುಳಿತು ಕಾಲು ಮುರಿದುಕೊಂಡ ಅಕ್ಕನೂ ನಮ್ಮ ಸದಸ್ಯೆ. ನಾವು ಹೇಳುವುದು ಇಷ್ಟು. ಅವನಿಗೆ ಹೊಡೆತ ಬೀಳದಂತೆ, ಕ್ರಮ ತಪ್ಪದಂತೆ, ಜಾಮೀನು ಮತ್ತು ವಕೀಲರು ಸಿಗುವಂತೆ ರಾತ್ರಿ ಎಷ್ಟು ಹೊತ್ತಾದರೂ ಠಾಣೆಗೆ ಬರುತ್ತೇವೆ. ಆದರೆ ‘ಅವನು ಕುಡಿದಿರಲಿಲ್ಲ’ ಎಂದು ಸುಳ್ಳು ಸಾಕ್ಷಿ ಹೇಳಲು ಬರುವುದಿಲ್ಲ. ಹಾಗೆ ಹೇಳಿದರೆ ಆ ಅಕ್ಕನ ಮುರಿದ ಕಾಲಿಗೆ ನಾವು ಯಾವ ಉತ್ತರ ಕೊಡೋಣ?

ತಾಯಂದಿರೇ, ಗಾಡಿ ಹತ್ತುವ ಮೊದಲು ಡ್ರೈವರನ ಮುಖ ನೋಡಿ. ಅನುಮಾನ ಬಂದರೆ ಹತ್ತಬೇಡಿ. ಒಬ್ಬರಲ್ಲ, ಎಲ್ಲರೂ ಕೆಳಗೇ ನಿಲ್ಲಿ. ಪೊಲೀಸರ ತಪಾಸಣೆ ಘಾಟಿಯ ಯಾವುದೋ ಒಂದು ತಿರುವಿನಲ್ಲಿ, ಯಾವುದೋ ಒಂದು ದಿನ. ನಿಮ್ಮ ತಪಾಸಣೆ ದಿನದಿನವೂ ಮಸ್ಟರಿನ ಹತ್ತಿರವೇ ನಡೆಯಬಲ್ಲದು.